ಕಾರ್ಡಿನಿಂದ ಕಣಜಕ್ಕೆ: ಕಮಾಂಡ್ ಲೈನಿನಲ್ಲಿ ಫೋಟೊ ಇಳಿಸುವ ಕ್ರಮ

ನನ್ನ ಹಾರ್ಡ್ ಡಿಸ್ಕಿನಲ್ಲಿ ಐಎಂಜಿ 0417 ಅನ್ನುವ ಫೋಟೊ ಒಂದೇ ಇದೆ. ಇರಬೇಕಾಗಿದ್ದುದು ಎರಡು. ಮೊದಲನೆಯದನ್ನು ಚಿತ್ರದುರ್ಗದ ಕೋಟೆಯಲ್ಲಿ ತುಪ್ಪದ ಕೊಳದ ಬತೇರಿ ಹತ್ತಿ ಬೆಳಗಿನ ಜಾವ ತೆಗೆದಿದ್ದೆ. ಕೆಳಗೆ ಊರೆಲ್ಲ ಮಂಜು. ಆಚೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳ ರೆಕ್ಕೆಗಳಷ್ಟೇ ಕಾಣುತ್ತಿದ್ದವು. ಎರಡನೆಯದು ಕೆಲವು ತಿಂಗಳ ನಂತರ ದಾವಣಗೆರೆಯಲ್ಲಿ, ತಂಗಿಯ ಮಗಳ ನಾಮಕರಣದ ದಿನ ತೆಗೆದದ್ದು: ತೊಟ್ಟಿಲ ಪಕ್ಕ ಕೂತ ಅವ್ವ, ಅವಳ ಬೆರಳು ಹಿಡಿದ ಕೂಸು. ಆ ದಿನ ಕಾರ್ಡ್ ಹಾಕಿ, ಎಲ್ಲವನ್ನೂ ಆಯ್ದು, ಹಳೆಯ ಫೋಲ್ಡರಿಗೇ ಪೇಸ್ಟ್ ಮಾಡಿದೆ. ಇದೇ ಹೆಸರಿನ ಫೈಲುಗಳಿವೆ, ಬದಲಿಸಲೇ ಎಂದು ಕಂಪ್ಯೂಟರ್ ಕೇಳಿತು. ಮನೆ ತುಂಬ ನೆಂಟರು. ಎಲ್ಲಕ್ಕೂ ಹೌದು ಒತ್ತಿದೆ. ಅವ್ವನ ಫೋಟೊ ಉಳಿಯಿತು, ಬತೇರಿಯ ಆ ಬೆಳಗು ಹೋಯಿತು.

ಎರಡು ಫೋಟೊಗಳಿಗೆ ಒಂದೇ ಹೆಸರು ಬಂದದ್ದು ಆಕಸ್ಮಿಕವಲ್ಲ. ಕ್ಯಾಮೆರಾಗಳು ಹೆಸರಿಡುವ ಪದ್ಧತಿಯೇ ಹಾಗಿದೆ. 1998ರಲ್ಲಿ ಜಪಾನಿನ ಉದ್ಯಮ ಸಂಘ ಗೊತ್ತುಮಾಡಿದ ಡಿಸಿಎಫ್ ಎಂಬ ನಿಯಮವನ್ನೇ ಇವತ್ತಿನ ಕ್ಯಾಮೆರಾಗಳೂ ಪಾಲಿಸುತ್ತವೆ. ಕಾರ್ಡಿನಲ್ಲಿ ಡಿಸಿಐಎಂ ಎಂಬ ಫೋಲ್ಡರ್. ಅದರೊಳಗೆ 100ರಿಂದ 999ರವರೆಗಿನ ಅಂಕೆಯಿಂದ ಶುರುವಾಗುವ ಒಳಫೋಲ್ಡರುಗಳು. ಅವುಗಳೊಳಗೆ ನಾಲ್ಕು ಅಕ್ಷರ, ನಾಲ್ಕು ಅಂಕೆಯ ಫೈಲುಗಳು. ಅಂಕೆ 9999 ದಾಟಿದರೆ ಮತ್ತೆ 0001. ಕೆಲವು ಕ್ಯಾಮೆರಾಗಳಲ್ಲಿ ಕಾರ್ಡ್ ಫಾರ್ಮ್ಯಾಟ್ ಆದಾಗಲೆಲ್ಲ ಎಣಿಕೆ ಮೊದಲಿನಿಂದ ಶುರುವಾಗುವ ಸೆಟ್ಟಿಂಗ್ ಇರುತ್ತದೆ. ನನ್ನದು ಆ ಸೆಟ್ಟಿಂಗಿನಲ್ಲಿತ್ತು. ಅಂದರೆ ಐಎಂಜಿ 0417 ಅನ್ನುವುದು ಫೋಟೊದ ಹೆಸರೇ ಅಲ್ಲ, ಆ ಕಾರ್ಡಿನ ಸಾಲಿನಲ್ಲಿ ಅದು ನಿಂತಿದ್ದ ಜಾಗ ಅಷ್ಟೇ. ಫೋಟೊಗೆ ತನ್ನದೇ ಹೆಸರು ಕೊಡಬೇಕಾದವರು ನಾವು. ಕೊಡುವ ಹೊತ್ತು ಇಂಪೋರ್ಟ್ ಮಾಡುವ ಹೊತ್ತು.

ಇಂಪೋರ್ಟ್ ಅಂದರೆ ಕಾಪಿ ಮಾಡುವುದು ಎಂದೇ ನಾನೂ ಬಹಳ ವರ್ಷ ತಿಳಿದಿದ್ದೆ. ದಾವಣಗೆರೆಯ ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳದ ಲಾರಿ ಬಂದಾಗ ಏನಾಗುತ್ತದೆ ನೋಡಿ. ಹಮಾಲರು ಚೀಲ ಇಳಿಸುತ್ತಾರೆ. ಎಣಿಕೆ ಆಗುತ್ತದೆ, ತೂಕ ಆಗುತ್ತದೆ. ಯಾರ ಮಾಲು, ಯಾವತ್ತು ಬಂತು ಅಂತ ಚೀಟಿ ಆಗುತ್ತದೆ, ಲಾಟಿಗೆ ನಂಬರು ಬೀಳುತ್ತದೆ. ಗೋದಾಮು ಆಮೇಲಿನ ಮಾತು. ತೂಕ ಆಗದೆ ಲಾರಿಯನ್ನು ಯಾರೂ ಕಳಿಸುವುದಿಲ್ಲ. ಫೋಟೊ ಇಂಪೋರ್ಟ್ ಕೂಡ ಇಷ್ಟೂ ಕೆಲಸಗಳ ಸರಣಿ: ಇಳಿಸುವುದು, ಸರಿಯಾಗಿ ಇಳಿಯಿತೇ ಎಂದು ತೂಗುವುದು, ದಿನಾಂಕ ನೋಡುವುದು, ಹೆಸರಿಡುವುದು, ಕಣಜಕ್ಕೆ ಸೇರಿಸುವುದು. ಈ ಕೆಲಸಗಳ ಕ್ರಮ ತಪ್ಪಿದಲ್ಲೇ ಫೋಟೊಗಳು ಕಳೆದುಹೋಗುತ್ತವೆ. ನಾನು ಕಲಿತದ್ದೆಲ್ಲ ಈ ಕ್ರಮದ ಬಗ್ಗೆಯೇ.

ಮೌಸ್ ಒತ್ತಿ ಮಾಡುವ ಸಾಫ್ಟ್‌ವೇರುಗಳು ಇಷ್ಟನ್ನೂ ಒಂದೇ ಗುಂಡಿಯ ಹಿಂದೆ ಇಟ್ಟಿರುತ್ತವೆ. ಒಳಗೆ ಯಾವ ಹೆಜ್ಜೆ ಆಯಿತು, ಯಾವುದು ಆಗಲಿಲ್ಲ ಅನ್ನುವುದು ಕಣ್ಣಿಗೆ ಕಾಣುವುದಿಲ್ಲ. ಕಮಾಂಡ್ ಲೈನ್ ಅಂದರೆ ಕಂಪ್ಯೂಟರಿಗೆ ಮಾಡಬೇಕಾದ ಕೆಲಸವನ್ನು ಒಂದು ಸಾಲಿನಲ್ಲಿ ಬರೆದುಕೊಡುವುದು. ಲಿನಕ್ಸ್, ಮ್ಯಾಕ್ ಎರಡರಲ್ಲೂ ಟರ್ಮಿನಲ್ ಎಂಬ ಕಿಟಕಿಯಲ್ಲಿ ಇದನ್ನು ಬರೆಯುತ್ತೇವೆ. ವಿಂಡೋಸ್‌ನಲ್ಲಿ ಪವರ್‌ಶೆಲ್, ಅಥವಾ ಡಬ್ಲ್ಯುಎಸ್‌ಎಲ್ ಹಾಕಿಕೊಂಡು ಅದರೊಳಗೆ ಉಬುಂಟು ಎಂಬ ಲಿನಕ್ಸ್. ಬರೆದ ಸಾಲು ಇವತ್ತು ಮಾಡಿದ್ದನ್ನೇ ಮುಂದಿನ ವರ್ಷವೂ ಮಾಡುತ್ತದೆ. ಮಾಡುವ ಮುಂಚೆ ‘ಏನು ಮಾಡುತ್ತೀಯ ಹೇಳು, ಮಾಡಬೇಡ’ ಎಂದು ಕೇಳಲೂ ಬರುತ್ತದೆ; ಇದಕ್ಕೆ ಡ್ರೈ ರನ್ ಎನ್ನುತ್ತಾರೆ. ಆ ನಾಮಕರಣದ ದಿನ ನನಗೆ ಬೇಕಾಗಿದ್ದುದು ಇದೇ.

ಕಮಾಂಡುಗಳನ್ನು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಇಲ್ಲಿ ಅವನ್ನು ಫೋನಿನಲ್ಲಿ ಗೆಳೆಯನಿಗೆ ಹೇಳುವ ಹಾಗೆ ಓದಿ ಹೇಳುತ್ತೇನೆ. ದಾವಣಗೆರೆಯಲ್ಲಿ ಮದುವೆ ಫೋಟೊ ತೆಗೆಯುವ ಗೆಳೆಯನೊಬ್ಬನಿಗೆ ಇಷ್ಟನ್ನೂ ಹೀಗೆಯೇ ಹೇಳಿಕೊಟ್ಟದ್ದು.

ಮೊದಲು ಇಳಿಸುವುದು. ಕಾರ್ಡನ್ನು ರೀಡರಿಗೆ ಹಾಕಿದರೆ ಲಿನಕ್ಸ್‌ನಲ್ಲಿ ಅದು ಮೀಡಿಯಾ ಎಂಬ ದಾರಿಯ ಕೆಳಗೆ, ಮ್ಯಾಕ್‌ನಲ್ಲಿ ವಾಲ್ಯೂಮ್ಸ್ ಕೆಳಗೆ ಕಾಣುತ್ತದೆ. ಸಿಪಿ ಎಂಬ ಹಳೆಯ ಕಮಾಂಡಿನಿಂದ ಕಾಪಿ ಮಾಡಬಹುದು. ಆದರೆ ಅದೇ ಹೆಸರಿನ ಫೈಲ್ ಅಲ್ಲಿದ್ದರೆ ಸಿಪಿ ಕೇಳುವುದೂ ಇಲ್ಲ, ಸುಮ್ಮನೆ ಅದರ ಮೇಲೆ ಬರೆದುಬಿಡುತ್ತದೆ. ನಾನು ಬಳಸುವುದು ಆರ್‌ಸಿಂಕ್. ಮೇಲೆ ಬರೆಯುವುದರಲ್ಲಿ ಅದೂ ಹಾಗೆಯೇ, ಆದರೆ ಅದರಲ್ಲಿ ಡ್ರೈ ರನ್ ಇದೆ. ಆರ್‌ಸಿಂಕ್, ಜಾಗ ಬಿಟ್ಟು ಹೈಫನ್ ಎ ವಿ, ಮತ್ತೆ ಜಾಗ ಬಿಟ್ಟು ಕಾರ್ಡಿನ ದಾರಿ, ಕೊನೆಗೆ ಇಳಿಸುವ ಫೋಲ್ಡರಿನ ದಾರಿ. ಎ ಹಾಕಿದರೆ ಒಳಫೋಲ್ಡರುಗಳೂ ಫೈಲಿನ ಸಮಯವೂ ಇದ್ದ ಹಾಗೇ ಬರುತ್ತವೆ. ವಿ ಹಾಕಿದರೆ ಏನೇನು ಇಳಿಯುತ್ತಿದೆ ಎಂದು ಒಂದೊಂದಾಗಿ ಹೇಳುತ್ತದೆ. ಎನ್ ಎಂಬ ಅಕ್ಷರ ಸೇರಿಸಿದರೆ ಡ್ರೈ ರನ್. ಕಾರ್ಡಿನ ದಾರಿಯ ಕೊನೆಯಲ್ಲಿ ಓರೆಗೆರೆ ಹಾಕಿದರೆ ಒಳಗಿರುವುದಷ್ಟೇ ಬರುತ್ತದೆ, ಹಾಕದಿದ್ದರೆ ಫೋಲ್ಡರ್ ಸಮೇತ ಬರುತ್ತದೆ. ಈ ಒಂದು ಗೆರೆಯನ್ನು ಗಮನಿಸದೆ ಫೋಲ್ಡರಿನೊಳಗೆ ಫೋಲ್ಡರ್ ಆದವರು ಬಹಳ ಜನ.

ಪ್ರತಿ ಸಲವೂ ಹೊಸ ಫೋಲ್ಡರಿಗೇ ಇಳಿಸಿ. ನಾನು ಇಳಿಸಿದ ದಿನಾಂಕವನ್ನೂ ಕಾರ್ಡಿನ ಮೇಲೆ ಮಾರ್ಕರಿನಲ್ಲಿ ಬರೆದಿರುವ ನಂಬರನ್ನೂ ಸೇರಿಸಿ ಫೋಲ್ಡರಿಗೆ ಹೆಸರಿಡುತ್ತೇನೆ. ಹೊಸ ಫೋಲ್ಡರಿನಲ್ಲಿ ಹಳೆಯ 0417 ಇರುವುದಕ್ಕೆ ಸಾಧ್ಯವೇ ಇಲ್ಲ. ಇನ್ನೊಂದು ಮಾತು: ಡಿಸಿಐಎಂ ಫೋಲ್ಡರನ್ನು ಮಾತ್ರ ಇಳಿಸಿ ಸುಮ್ಮನಾಗಬೇಡಿ. ಸೋನಿಯ ಹಲವು ಕ್ಯಾಮೆರಾಗಳು ವಿಡಿಯೊಗಳನ್ನು ಅಲ್ಲಿ ಇಡುವುದೇ ಇಲ್ಲ, ಪ್ರೈವೇಟ್ ಎಂಬ ಬೇರೆ ಫೋಲ್ಡರಿನ ಆಳದಲ್ಲಿ ಇಡುತ್ತವೆ. ಕಾರ್ಡನ್ನು ಇಡಿಯಾಗಿ ಇಳಿಸುವುದೇ ಕ್ಷೇಮ.

ಕಾರ್ಡ್ ರೀಡರ್ ಇಲ್ಲದೆ ಕೇಬಲ್ಲಿನಿಂದಲೇ ಇಳಿಸುವವರಿಗೆ ಜಿಫೋಟೊ2 ಎಂಬ ಉಪಕರಣ ಇದೆ. ಗೆಟ್ ಆಲ್ ಫೈಲ್ಸ್, ಸ್ಕಿಪ್ ಎಕ್ಸಿಸ್ಟಿಂಗ್ ಎಂಬ ಎರಡು ಆಯ್ಕೆ ಕೊಟ್ಟರೆ, ಇಲ್ಲದ್ದನ್ನಷ್ಟೇ ತರುತ್ತದೆ. ಯುಎಸ್‌ಬಿ ಸಾಧನ ವಶಕ್ಕೆ ಸಿಗಲಿಲ್ಲ ಎಂಬ ಅರ್ಥದ ದೂರು ಬಂದರೆ ಗಾಬರಿ ಬೇಡ. ಡೆಸ್ಕ್‌ಟಾಪ್ ತಾನಾಗಿಯೇ ಕ್ಯಾಮೆರಾವನ್ನು ತೆರೆದು ಹಿಡಿದುಕೊಂಡಿರುತ್ತದೆ, ಅಲ್ಲಿ ಇಜೆಕ್ಟ್ ಒತ್ತಿ ಮತ್ತೆ ಓಡಿಸಿ.

ಈಗ ತೂಕ. ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಇದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಫೈಲುಗಳ ಎಣಿಕೆ ಸರಿಯಿದೆ, ಗಾತ್ರ ಸರಿಯಿದೆ ಅಂದ ಮಾತ್ರಕ್ಕೆ ಒಳಗಿನದು ಸರಿಯಿದೆ ಎಂದಲ್ಲ. ಹಳೆಯ ಕಾರ್ಡ್, ಸಡಿಲವಾದ ಕೇಬಲ್, ಸವೆದ ರೀಡರ್ ಇವುಗಳಲ್ಲಿ ಯಾವುದಾದರೂ ಒಂದು, ದಾರಿಯಲ್ಲಿ ಒಂದೆರಡು ಬಿಟ್ ಬದಲಿಸಿದರೂ ಫೋಟೊದ ಕೆಳಗಿನ ಅರ್ಧ ಬೂದು ಬಣ್ಣದ ಪಟ್ಟಿಯಾಗಿಬಿಡಬಹುದು. ಫೈಲಿನ ಒಳಗನ್ನು ತೂಗುವ ತಕ್ಕಡಿಯ ಹೆಸರು ಹ್ಯಾಶ್. ಫೈಲಿನ ಪ್ರತಿಯೊಂದು ಬೈಟನ್ನೂ ಓದಿ, ಲೆಕ್ಕ ಹಾಕಿ, ಕೊನೆಗೆ ಒಂದು ಚಿಕ್ಕ ಗುರುತು ಕೊಡುತ್ತದೆ. ಎಸ್‌ಎಚ್‌ಎ 256 ಎಂಬ ಲೆಕ್ಕದಲ್ಲಿ ಆ ಗುರುತು 64 ಅಕ್ಷರ ಉದ್ದ. ಫೈಲು ಎರಡು ಕೆಬಿ ಇರಲಿ, ಇಪ್ಪತ್ತು ಜಿಬಿ ಇರಲಿ, 64 ಅಕ್ಷರವೇ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆ ಬರುತ್ತದೆ.

ಮಾಡುವ ಬಗೆ ಹೀಗೆ. ಕಾಪಿ ಮಾಡುವ ಮುಂಚೆಯೇ ಕಾರ್ಡಿನಲ್ಲಿರುವ ಪ್ರತಿ ಫೈಲಿನ ಹ್ಯಾಶ್ ತೆಗೆದು ಒಂದು ಪಟ್ಟಿ ಬರೆಸುತ್ತೇವೆ. ಲಿನಕ್ಸ್‌ನಲ್ಲಿ ಆ ಕಮಾಂಡು ಎಸ್‌ಎಚ್‌ಎ256ಸಮ್. ಮ್ಯಾಕ್‌ನಲ್ಲಿ ಎಸ್‌ಎಚ್‌ಎಸಮ್, ಹೈಫನ್ ಎ, 256. ಪವರ್‌ಶೆಲ್‌ನಲ್ಲಿ ಗೆಟ್ ಹೈಫನ್ ಫೈಲ್‌ಹ್ಯಾಶ್. ಆಮೇಲೆ ಆರ್‌ಸಿಂಕ್. ಇಳಿದ ಮೇಲೆ, ಇಳಿಸಿದ ಫೋಲ್ಡರಿನೊಳಗೆ ನಿಂತು ಅದೇ ಎಸ್‌ಎಚ್‌ಎ256ಸಮ್‌ಗೆ ಹೈಫನ್ ಸಿ ಎಂದು ಹೇಳಿ ಆ ಪಟ್ಟಿಯನ್ನು ಕೊಟ್ಟರೆ, ಒಂದೊಂದು ಫೈಲನ್ನೂ ಮತ್ತೆ ತೂಗಿ, ಸರಿಯಿದ್ದರೆ ಓಕೆ, ಇಲ್ಲದಿದ್ದರೆ ಫೇಲ್ಡ್ ಎಂದು ಬರೆಯುತ್ತದೆ. ಕ್ವಯಟ್ ಎಂಬ ಆಯ್ಕೆ ಸೇರಿಸಿದರೆ ತಪ್ಪಿದ್ದನ್ನು ಮಾತ್ರ ತೋರಿಸುತ್ತದೆ. ಇದರಲ್ಲೊಂದು ಸೂಕ್ಷ್ಮ ಇದೆ. ಈಗಷ್ಟೇ ಕಾಪಿ ಆದ ಫೈಲನ್ನು ಕೂಡಲೇ ಓದಿಸಿದರೆ, ಕಂಪ್ಯೂಟರ್ ಡಿಸ್ಕಿಗೆ ಹೋಗದೆ ತನ್ನ ಮೆಮೊರಿಯಲ್ಲಿ ಉಳಿದದ್ದನ್ನೇ ಓದಿ ಓಕೆ ಎಂದುಬಿಡಬಹುದು. ಹೊರಗಿನ ಡಿಸ್ಕಾದರೆ ಒಮ್ಮೆ ಇಜೆಕ್ಟ್ ಮಾಡಿ, ಮತ್ತೆ ಚುಚ್ಚಿ, ಆಮೇಲೆ ತೂಗಿಸಿ. ಆಗ ಅದು ಡಿಸ್ಕಿನ ಮೇಲೆ ನಿಜವಾಗಿ ಬರೆದಿರುವುದನ್ನೇ ಓದುತ್ತದೆ. ಆ ಪಟ್ಟಿಯನ್ನು ಎಸೆಯಬೇಡಿ. ಐದು ವರ್ಷ ಬಿಟ್ಟು ಡಿಸ್ಕಿನ ಮೇಲೆ ಅನುಮಾನ ಬಂದಾಗ, ತಿದ್ದದೆ ಉಳಿಸಿದ ಮೂಲ ಫೈಲುಗಳನ್ನು ಅದೇ ಪಟ್ಟಿಯಿಂದ ಮತ್ತೆ ತೂಗಬಹುದು.

ಇನ್ನು ದಿನಾಂಕ. ಕ್ಯಾಮೆರಾದಿಂದ ನೇರ ಬಂದ ಫೋಟೊದ ಒಳಗೆ ಎಕ್ಸಿಫ್ ಎಂಬ ಒಂದು ಚೀಟಿ ಇರುತ್ತದೆ. 1995ರಲ್ಲಿ ಜಪಾನಿನಲ್ಲಿ ರೂಪುಗೊಂಡ ಈ ಪದ್ಧತಿಯಲ್ಲಿ ಕ್ಯಾಮೆರಾದ ಹೆಸರು, ಷಟರ್ ವೇಗ, ಲೆನ್ಸು, ಕೆಲವೊಮ್ಮೆ ಜಾಗ, ಎಲ್ಲದರ ಜೊತೆಗೆ ತೆಗೆದ ಹೊತ್ತು ಕೂಡ ಇರುತ್ತದೆ. ಆ ಹೊತ್ತಿನ ಹೆಸರು ಡೇಟ್‌ಟೈಮ್ಒರಿಜಿನಲ್. ಅದನ್ನು ಫೈಲಿನ ಮಾಡಿಫೈಡ್ ದಿನಾಂಕದ ಜೊತೆ ಗೊಂದಲ ಮಾಡಿಕೊಳ್ಳಬಾರದು. ಮಾಡಿಫೈಡ್ ದಿನಾಂಕ ಫೈಲನ್ನು ಕೊನೆಯ ಸಲ ಯಾವಾಗ ಮುಟ್ಟಿದರು ಅನ್ನುವುದಷ್ಟೇ. ಒಂದು ಕಾಪಿ, ಒಂದು ಎಡಿಟ್ ಸಾಕು, ಬದಲಾಗಿಬಿಡುತ್ತದೆ.

ಈ ಚೀಟಿ ಓದುವುದಕ್ಕೆ, ತಿದ್ದುವುದಕ್ಕೆ ಎಕ್ಸಿಫ್‌ಟೂಲ್‌ಗಿಂತ ನಂಬಿಕಸ್ಥ ಉಪಕರಣ ನನಗೆ ಸಿಕ್ಕಿಲ್ಲ. ಫಿಲ್ ಹಾರ್ವಿ ಎಂಬವರು 2003ರಿಂದ ಅದನ್ನು ಬೆಳೆಸಿಕೊಂಡು ಬಂದಿದ್ದಾರೆ, ಉಚಿತವಾಗಿ ಕೊಡುತ್ತಿದ್ದಾರೆ. ಎಕ್ಸಿಫ್‌ಟೂಲ್ ಎಂದು ಬರೆದು, ಜಾಗ ಬಿಟ್ಟು, ಫೋಟೊದ ಹೆಸರು ಕೊಟ್ಟು ಎಂಟರ್ ಒತ್ತಿ ನೋಡಿ. ಚೀಟಿಯಲ್ಲಿರುವುದೆಲ್ಲ ಉದ್ದಕ್ಕೆ ಬರುತ್ತದೆ. ಮಾರಿಕಣಿವೆ ಎಂದು ನಾವು ಕರೆಯುವ ವಾಣಿ ವಿಲಾಸ ಸಾಗರ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಜಿಲ್ಲೆಯ ಅರ್ಧ ಜನ ಹಿರಿಯೂರಿನ ದಾರಿ ಹಿಡಿದಿದ್ದರು. ಆಗ ನಾನು ತೆಗೆದ ಫೋಟೊದ ಚೀಟಿ ತೆರೆದರೆ ವರ್ಷ 2022, ಎರಡು ಚುಕ್ಕೆ, ತಿಂಗಳು 09, ಮತ್ತೆ ಎರಡು ಚುಕ್ಕೆ, ದಿನ, ಗಂಟೆ, ನಿಮಿಷ, ಸೆಕೆಂಡು ಸಾಲಾಗಿ ಕಾಣುತ್ತವೆ. ಎಂಬತ್ತೊಂಬತ್ತು ವರ್ಷದ ಮೇಲೆ ಕಂಡ ನೀರಿಗೆ ಈ ಒಂದು ಸಾಲೇ ಸಾಕ್ಷಿ. ಅದು ತಪ್ಪಾಗಿದ್ದರೆ ಫೋಟೊದ ಅರ್ಧ ಬೆಲೆ ಹೋದ ಹಾಗೆ.

ತಪ್ಪಾಗುವುದೂ ಉಂಟು. ಬ್ಯಾಟರಿ ಬಹಳ ದಿನ ಹೊರಗಿದ್ದರೆ ಕ್ಯಾಮೆರಾದ ಗಡಿಯಾರ ಕಾರ್ಖಾನೆಯ ದಿನಾಂಕಕ್ಕೆ ಹೋಗುತ್ತದೆ. ನಾವು ಅವಸರದಲ್ಲಿ ಓಕೆ ಒತ್ತಿ ಮುಂದೆ ಹೋಗುತ್ತೇವೆ. ಮದುವೆಗೆ ಎರಡು ಕ್ಯಾಮೆರಾ ಹೋಗಿ, ಒಂದರ ಗಡಿಯಾರ ಹನ್ನೆರಡು ನಿಮಿಷ ಹಿಂದಿದ್ದರೆ, ಮಾಂಗಲ್ಯಧಾರಣೆಯ ನಂತರ ಧಾರೆ ನಡೆದ ಹಾಗೆ ಆಲ್ಬಮ್ ಜೋಡಣೆಯಾಗುತ್ತದೆ. ಇದಕ್ಕೆ ನನ್ನ ಗೆಳೆಯ ಈಗ ಮಾಡುವ ಉಪಾಯ ಸರಳ: ಕೆಲಸ ಶುರುವಾಗುವ ಮುಂಚೆ ಪ್ರತಿ ಕ್ಯಾಮೆರಾದಿಂದಲೂ ಮೊಬೈಲಿನ ಗಡಿಯಾರದ ಒಂದು ಫೋಟೊ. ಮನೆಗೆ ಬಂದ ಮೇಲೆ ಆ ಫೋಟೊದಲ್ಲಿ ಕಾಣುವ ಹೊತ್ತನ್ನೂ ಅದರ ಚೀಟಿಯಲ್ಲಿರುವ ಹೊತ್ತನ್ನೂ ಹೋಲಿಸಿದರೆ ವ್ಯತ್ಯಾಸ ಸಿಗುತ್ತದೆ. ಎಕ್ಸಿಫ್‌ಟೂಲ್‌ಗೆ ಹೈಫನ್ ಆಲ್‌ಡೇಟ್ಸ್ ಎಂದು ಬರೆದು, ಕೂಡು ಚಿಹ್ನೆ, ಸಮ ಚಿಹ್ನೆ, ಆಮೇಲೆ 0:12 ಎಂದು ಕೊಟ್ಟರೆ ಆ ಕ್ಯಾಮೆರಾದ ಅಷ್ಟೂ ಫೋಟೊಗಳ ಹೊತ್ತು ಹನ್ನೆರಡು ನಿಮಿಷ ಮುಂದಕ್ಕೆ ಸರಿಯುತ್ತದೆ. ಹಿಂದಕ್ಕೆ ಸರಿಸಬೇಕಾದರೆ ಕಳೆಯುವ ಚಿಹ್ನೆ. ತಿದ್ದುವ ಮೊದಲು ಮೂಲ ಫೈಲಿನ ಹೆಸರಿನ ಕೊನೆಗೆ ಒರಿಜಿನಲ್ ಎಂದು ಸೇರಿಸಿ ಒಂದು ಪ್ರತಿಯನ್ನು ತಾನೇ ಉಳಿಸಿಕೊಂಡಿರುತ್ತದೆ. ಫಲಿತಾಂಶ ನೋಡಿ ತೃಪ್ತಿಯಾದ ಮೇಲೆ ಅವನ್ನು ತೆಗೆದರಾಯಿತು.

ಮೊಬೈಲಿನ ವಿಡಿಯೊಗಳದು ಬೇರೆಯೇ ಕಥೆ. ಎಂಪಿ4, ಎಂಒವಿ ಫೈಲುಗಳಲ್ಲಿ ಹೊತ್ತನ್ನು ಗ್ರೀನಿಚ್ ಸಮಯದಲ್ಲಿ, ಅಂದರೆ ಯುಟಿಸಿಯಲ್ಲಿ, ಬರೆಯಬೇಕೆಂದು ನಿಯಮ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ರಾತ್ರಿಯಿಡೀ ಜನ ಇರುತ್ತಾರೆ. ಬುಧವಾರ ಬೆಳಗಿನ ನಾಲ್ಕು ಗಂಟೆಗೆ ಒಂದು ಫೋಟೊ, ಅದರ ಬೆನ್ನಿಗೇ ಒಂದು ವಿಡಿಯೊ ತೆಗೆದಿರಿ ಎನ್ನಿ. ಫೋಟೊದ ಚೀಟಿಯಲ್ಲಿ ಬುಧವಾರ ನಾಲ್ಕು ಗಂಟೆ ಇರುತ್ತದೆ. ವಿಡಿಯೊದಲ್ಲಿ ಮಂಗಳವಾರ ರಾತ್ರಿ ಹತ್ತೂವರೆ. ದಿನದ ಪ್ರಕಾರ ಫೋಲ್ಡರ್ ಮಾಡಿಸಿದರೆ ಒಂದೇ ಜಾಗದಲ್ಲಿ ನಿಂತು ತೆಗೆದ ಎರಡೂ ಬೇರೆ ಬೇರೆ ದಿನಕ್ಕೆ ಹೋಗಿ ಬೀಳುತ್ತವೆ. ಎಕ್ಸಿಫ್‌ಟೂಲ್‌ಗೆ ಹೈಫನ್ ಎಪಿಐ, ಜಾಗ ಬಿಟ್ಟು ಕ್ವಿಕ್‌ಟೈಮ್‌ಯುಟಿಸಿ ಎಂದು ಹೇಳಿದರೆ ಯುಟಿಸಿಯನ್ನು ನಮ್ಮ ಹೊತ್ತಿಗೆ ಬದಲಿಸಿ ಓದುತ್ತದೆ. ಆದರೆ ಎಲ್ಲ ಕಡೆಗೂ ಇದನ್ನೇ ಹಾಕಬೇಡಿ. ಎಷ್ಟೋ ಕ್ಯಾಮೆರಾಗಳು ನಿಯಮ ಬಿಟ್ಟು ಸ್ಥಳೀಯ ಹೊತ್ತನ್ನೇ ಬರೆದಿರುತ್ತವೆ. ಅಲ್ಲಿ ಇದನ್ನು ಹಾಕಿದರೆ ಐದೂವರೆ ಗಂಟೆ ಹೆಚ್ಚಾಗುತ್ತದೆ. ಗಂಟೆ ಗೊತ್ತಿರುವ ಒಂದು ವಿಡಿಯೊದಲ್ಲಿ ಮೊದಲು ನೋಡಿಕೊಳ್ಳಿ. ಫೋಟೊಗಳ ಎಕ್ಸಿಫ್‌ನಲ್ಲಂತೂ ಬಹಳ ಕಾಲ ಯಾವ ದೇಶದ ಹೊತ್ತು ಎಂದು ಬರೆಯಲು ಜಾಗವೇ ಇರಲಿಲ್ಲ; 2016ರ ಆವೃತ್ತಿಯಲ್ಲಷ್ಟೇ ಅದು ಬಂತು.

ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೊಗಳಿಗೆ ಚೀಟಿಯೇ ಇರುವುದಿಲ್ಲ, ಕಳಿಸುವಾಗಲೇ ಕಿತ್ತುಹೋಗಿರುತ್ತದೆ. ಫೈಲಿನ ಹೆಸರಿನಲ್ಲಿ ಕಾಣುವ ದಿನಾಂಕ ತೆಗೆದ ದಿನದ್ದಲ್ಲ. ಅವನ್ನು ಬೇರೆ ಫೋಲ್ಡರಿನಲ್ಲಿಡಿ, ಸಾಧ್ಯವಾದರೆ ತೆಗೆದವರಿಂದ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಕೇಳಿ.

ದಿನಾಂಕ ಸರಿಯಾಯಿತು, ಈಗ ಹೆಸರು. ನಾನು ಕೊಡುವ ಹೆಸರಿನಲ್ಲಿ ವರ್ಷ, ತಿಂಗಳು, ದಿನ ಒಟ್ಟಿಗೆ, ಅಡಿಗೆರೆ, ಗಂಟೆ, ನಿಮಿಷ, ಸೆಕೆಂಡು, ಮತ್ತೆ ಅಡಿಗೆರೆ, ಕೊನೆಗೆ ಕ್ಯಾಮೆರಾ ಕೊಟ್ಟ ಹಳೆಯ ಹೆಸರು. ಹಳೆಯ ಹೆಸರನ್ನು ಉಳಿಸಿಕೊಳ್ಳುವುದಕ್ಕೆ ಕಾರಣ ಇದೆ. ಓಡುವ ಮಗುವನ್ನು ಹಿಡಿಯುವಾಗ ಒಂದೇ ಸೆಕೆಂಡಿನಲ್ಲಿ ಏಳೆಂಟು ಫೋಟೊ ಬೀಳುತ್ತವೆ, ಸೆಕೆಂಡಿನವರೆಗಿನ ಹೆಸರು ಸಾಲುವುದಿಲ್ಲ. ರಾ ಎಂಬ ಕಚ್ಚಾ ಫೈಲು ಮತ್ತು ಜೆಪಿಇಜಿ ಎರಡನ್ನೂ ಒಟ್ಟಿಗೆ ತೆಗೆಯುವವರಿಗೆ ಜೋಡಿ ಒಡೆಯಬಾರದು. ಹಳೆಯ ಹೆಸರು ಎರಡರಲ್ಲೂ ಒಂದೇ ಆದ್ದರಿಂದ ಜೋಡಿ ಹಾಗೇ ಉಳಿಯುತ್ತದೆ.

ಕಮಾಂಡು ಹೀಗೆ ಬರುತ್ತದೆ. ಎಕ್ಸಿಫ್‌ಟೂಲ್, ಹೈಫನ್ ಆರ್; ಇದು ಒಳಫೋಲ್ಡರುಗಳಿಗೂ ಹೋಗು ಎಂದು. ಹೈಫನ್ ಓ, ಜಾಗ ಬಿಟ್ಟು ಒಂದು ಚುಕ್ಕೆ. ಇದು ಮೂಲವನ್ನು ಕದಲಿಸಬೇಡ, ನಕಲು ಮಾಡು ಎಂದು. ಇದನ್ನು ಮರೆತರೆ ಫೈಲುಗಳು ಹಳೆಯ ಜಾಗದಿಂದ ಎದ್ದು ಹೊಸ ಜಾಗಕ್ಕೆ ಹೋಗುತ್ತವೆ. ಆಮೇಲೆ ಹೈಫನ್ ಡಿ, ಒಂಟಿ ಉದ್ಧರಣ ಚಿಹ್ನೆಯೊಳಗೆ ಹೆಸರಿನ ಅಚ್ಚು: ಪರ್ಸೆಂಟ್ ದೊಡ್ಡ ವೈ ಅಂದರೆ ವರ್ಷ, ಪರ್ಸೆಂಟ್ ಚಿಕ್ಕ ಎಂ ತಿಂಗಳು, ಚಿಕ್ಕ ಡಿ ದಿನ, ದೊಡ್ಡ ಎಚ್, ದೊಡ್ಡ ಎಂ, ದೊಡ್ಡ ಎಸ್ ಕ್ರಮವಾಗಿ ಗಂಟೆ, ನಿಮಿಷ, ಸೆಕೆಂಡು. ಎರಡು ಪರ್ಸೆಂಟ್ ಹಾಕಿ ಎಫ್ ಎಂದರೆ ಹಳೆಯ ಹೆಸರು, ಎರಡು ಪರ್ಸೆಂಟ್ ಇ ಎಂದರೆ ಫೈಲಿನ ಬಾಲ. ನಡುವೆ ಓರೆಗೆರೆ ಹಾಕಿದಲ್ಲಿ ಫೋಲ್ಡರ್ ಆಗುತ್ತದೆ; ನಾನು ವರ್ಷಕ್ಕೊಂದು, ಅದರೊಳಗೆ ತಿಂಗಳಿಗೊಂದು ಮಾಡುತ್ತೇನೆ. ಕೊನೆಗೆ ಮತ್ತೆ ಒಂಟಿ ಉದ್ಧರಣದೊಳಗೆ ಹೈಫನ್ ಫೈಲ್‌ನೇಮ್, ಎಡಕ್ಕೆ ಮುಖ ಮಾಡಿದ ಕೊಕ್ಕೆ, ಡೇಟ್‌ಟೈಮ್ಒರಿಜಿನಲ್: ಈ ಹೊತ್ತನ್ನು ತೆಗೆದು ಹೆಸರಿಗೆ ಹಾಕು ಎಂದು ಅರ್ಥ. ಆ ಉದ್ಧರಣ ಚಿಹ್ನೆ ಬಿಟ್ಟರೆ, ಎಡ ಕೊಕ್ಕೆಯನ್ನು ಟರ್ಮಿನಲ್ ತನಗೇ ಹೇಳಿದ್ದು ಎಂದುಕೊಂಡು, ಆ ಹೆಸರಿನ ಫೈಲ್ ಇಲ್ಲ ಎಂದು ದೂರುತ್ತದೆ. ವಿಂಡೋಸ್‌ನ ಹಳೆಯ ಕಮಾಂಡ್ ಪ್ರಾಂಪ್ಟ್‌ನಲ್ಲಾದರೆ ಜೋಡಿ ಉದ್ಧರಣ ಬೇಕು.

ಎಂಟರ್ ಒತ್ತುವ ಮುಂಚೆ ಫೈಲ್‌ನೇಮ್ ಎಂಬಲ್ಲಿ ಟೆಸ್ಟ್‌ನೇಮ್ ಎಂದು ಬರೆದು, ಹೈಫನ್ ಓ ಭಾಗ ಬಿಟ್ಟು, ಒಮ್ಮೆ ಓಡಿಸಿ. ಯಾವ ಫೈಲಿಗೆ ಯಾವ ಹೆಸರು ಬರುತ್ತದೆ ಎಂದು ಪಟ್ಟಿ ಕೊಡುತ್ತದೆ, ಒಂದನ್ನೂ ಮುಟ್ಟುವುದಿಲ್ಲ. ಪಟ್ಟಿಯ ಮೊದಲ ಹತ್ತು, ಕೊನೆಯ ಹತ್ತು ಸಾಲು ಕಣ್ಣಾಡಿಸಿದರೆ ತಪ್ಪಿದ್ದರೆ ಕಂಡುಬಿಡುತ್ತದೆ. ಇನ್ನೊಂದು ನೆಮ್ಮದಿಯ ವಿಷಯ: ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ ಎಕ್ಸಿಫ್‌ಟೂಲ್ ಅದರ ಮೇಲೆ ಬರೆಯುವುದಿಲ್ಲ, ಈಗಾಗಲೇ ಇದೆ ಎಂದು ಹೇಳಿ ಆ ಫೈಲನ್ನು ಬಿಟ್ಟುಬಿಡುತ್ತದೆ.

ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಡಬಹುದೇ? ಕೇಳಬೇಕಾದ ಪ್ರಶ್ನೆಯೇ. ಇಡಬಹುದು, ನಾನೂ ‘ಕೋಟೆ’ ಎಂದು ಇಟ್ಟಿದ್ದೆ. ಹಳೆಯ ಮ್ಯಾಕ್ ಡಿಸ್ಕಿನಿಂದ ಲಿನಕ್ಸ್‌ಗೆ ಎಲ್ಲವನ್ನೂ ತಂದ ದಿನ ‘ಕೋಟೆ’ ಎಂಬ ಹೆಸರಿನ ಎರಡು ಫೋಲ್ಡರ್ ಅಕ್ಕಪಕ್ಕ ಕಂಡವು. ಕಣ್ಣಿಗೆ ಒಂದೇ, ಒಂದರಲ್ಲಿ ಅರ್ಧ ಫೋಟೊ, ಇನ್ನೊಂದರಲ್ಲಿ ಉಳಿದರ್ಧ. ಕಾರಣ ಯೂನಿಕೋಡಿನಲ್ಲಿದೆ. ‘ಕೋ’ದಲ್ಲಿರುವ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರು ತುಂಡು ಮಾಡಿಯೂ ಬರೆಯಬಹುದು. ನಮ್ಮ ಕೀಬೋರ್ಡುಗಳು ಸಾಮಾನ್ಯವಾಗಿ ಒಂದನ್ನೇ ಬರೆಯುತ್ತವೆ. ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ಬಿಡಿಸಿ ಮೂರು ತುಂಡಾಗಿ ಇಡುತ್ತಿದ್ದವು. ಲಿನಕ್ಸ್‌ಗೆ ಅವೆರಡೂ ಬೇರೆ ಬೇರೆ ಹೆಸರು. ಆರ್‌ಸಿಂಕ್‌ನಲ್ಲಿ ಐಕಾನ್ವ್ ಎಂಬ ಆಯ್ಕೆ ಇದನ್ನು ಸರಿಮಾಡುತ್ತದೆ. ಆದರೂ ನನ್ನ ತೀರ್ಮಾನ ಇಷ್ಟು: ಫೋಲ್ಡರಿಗೆ, ಫೈಲಿಗೆ ಅಂಕೆ, ಕನ್ನಡವನ್ನು ಫೋಟೊದ ಒಳಗೇ ಬರೆಯಬೇಕು. ಎಕ್ಸ್‌ಎಂಪಿ ಎಂಬ ಇನ್ನೊಂದು ಬಗೆಯ ಚೀಟಿಯಲ್ಲಿ ವಿವರಣೆಗೆ ಜಾಗವಿದೆ. ಅದು ಪೂರ್ತಿ ಯೂನಿಕೋಡ್, ಕನ್ನಡ ಚೆನ್ನಾಗಿ ಕೂರುತ್ತದೆ. ‘ತುಪ್ಪದ ಕೊಳದ ಬತೇರಿ, ಮಂಜು, ಅವ್ವ ಜತೆಗಿದ್ದಳು’ ಎಂದು ಅಲ್ಲಿ ಬರೆದರೆ ಫೈಲು ಎಲ್ಲಿ ಹೋದರೂ ಮಾತು ಜತೆಗೇ ಹೋಗುತ್ತದೆ.

ಇಷ್ಟಾದ ಮೇಲೆ ಕಣಜ, ಅಂದರೆ ಫೋಟೊಗಳನ್ನು ಹುಡುಕಲು, ಮುಖ ಗುರುತಿಸಲು, ಆಲ್ಬಮ್ ಮಾಡಲು ಇರುವ ವ್ಯವಸ್ಥೆ. ಡಿಜಿಕ್ಯಾಮ್ ನಮ್ಮ ಕಂಪ್ಯೂಟರಿನಲ್ಲೇ ಕೂರುತ್ತದೆ. ಇಮ್ಮಿಚ್, ಫೋಟೊಪ್ರಿಸಮ್ ಮನೆಯಲ್ಲೊಂದು ಸರ್ವರ್ ಇಟ್ಟುಕೊಂಡವರಿಗೆ. ನಾನು ಇಮ್ಮಿಚ್ ಇಟ್ಟುಕೊಂಡಿದ್ದೇನೆ. ಅದರ ಕಮಾಂಡ್ ಲೈನ್ ಉಪಕರಣವನ್ನು ಎನ್‌ಪಿಎಂ ಎಂಬ ಸಾಫ್ಟ್‌ವೇರ್ ತರಿಸುವ ಉಪಕರಣದ ಮೂಲಕ ಹಾಕಿಕೊಂಡು, ಸರ್ವರಿನ ಖಾತೆಯ ಸೆಟ್ಟಿಂಗಿನಲ್ಲಿ ಒಂದು ಎಪಿಐ ಕೀ ಮಾಡಿಸಿ, ಇಮ್ಮಿಚ್ ಲಾಗಿನ್ ಎಂದು ಬರೆದು ಸರ್ವರಿನ ವಿಳಾಸ, ಕೀ ಎರಡನ್ನೂ ಕೊಡಬೇಕು. ಆ ಕೀ ನಿಮ್ಮ ಮನೆಯ ಬೀಗದ ಕೈ ಇದ್ದ ಹಾಗೆ, ಸ್ಕ್ರೀನ್‌ಶಾಟ್ ತೆಗೆದು ಯಾರಿಗೂ ಕಳಿಸಬೇಡಿ. ಆಮೇಲೆ ಇಮ್ಮಿಚ್ ಅಪ್‌ಲೋಡ್, ಹೈಫನ್ ಹೈಫನ್ ರಿಕರ್ಸಿವ್, ಫೋಲ್ಡರಿನ ದಾರಿ. ಹೈಫನ್ ಹೈಫನ್ ಆಲ್ಬಮ್ ಸೇರಿಸಿದರೆ ಫೋಲ್ಡರಿನ ಹೆಸರಿನಲ್ಲೇ ಆಲ್ಬಮ್ ಆಗುತ್ತದೆ. ಇಲ್ಲೂ ಡ್ರೈ ರನ್ ಇದೆ. ಫೋಟೊಪ್ರಿಸಮ್‌ನಲ್ಲಿ ಎಂವಿ, ಸಿಪಿ ಎಂಬ ಎರಡು ಕಮಾಂಡುಗಳ ವ್ಯತ್ಯಾಸ ನೆನಪಿಡಬೇಕು: ಎಂವಿ ಎಂದರೆ ಫೈಲನ್ನು ಸಾಗಿಸಿಬಿಡುತ್ತದೆ, ಸಿಪಿ ಎಂದರೆ ನಕಲು ಮಾಡುತ್ತದೆ.

ಇಮ್ಮಿಚ್ ಕಳಿಸುವ ಮುಂಚೆ ಪ್ರತಿ ಫೈಲಿನ ಹ್ಯಾಶ್ ಲೆಕ್ಕ ಹಾಕಿ, ಇದು ನಿನ್ನ ಬಳಿ ಇದೆಯೇ ಎಂದು ಸರ್ವರನ್ನು ಕೇಳುತ್ತದೆ. ಇದ್ದರೆ ಬಿಟ್ಟುಬಿಡುತ್ತದೆ. ಹಾಗಾಗಿ ಕರೆಂಟು ಹೋಗಿ ಅಪ್‌ಲೋಡ್ ನಡುವೆ ನಿಂತರೂ ಚಿಂತೆಯಿಲ್ಲ, ಅದೇ ಕಮಾಂಡನ್ನು ಮತ್ತೆ ಕೊಟ್ಟರೆ ಉಳಿದದ್ದಷ್ಟೇ ಹೋಗುತ್ತದೆ. ಮೊದಲು ಹೇಳಿದ ಕ್ರಮದ ಮಾತು ಇಲ್ಲಿ ಪೂರ್ತಿ ಅರ್ಥವಾಗುತ್ತದೆ. ದಿನಾಂಕ ತಿದ್ದುವುದೆಂದರೆ ಫೈಲಿನೊಳಗೆ ಬರೆಯುವುದು. ಬರೆದ ಕೂಡಲೇ ಹ್ಯಾಶ್ ಬದಲಾಯಿತು. ಮೊದಲು ಅಪ್‌ಲೋಡ್ ಮಾಡಿ, ಆಮೇಲೆ ಡಿಸ್ಕಿನಲ್ಲಿ ದಿನಾಂಕ ತಿದ್ದಿ, ಮತ್ತೆ ಅಪ್‌ಲೋಡ್ ಮಾಡಿದರೆ ಸರ್ವರಿಗೆ ಅದು ಎಂದೂ ಕಾಣದ ಹೊಸ ಫೋಟೊ. ಒಂದೇ ಮದುವೆ ಎರಡು ಸಲ, ಒಂದು ಸರಿಯಾದ ದಿನ, ಇನ್ನೊಂದು ತಪ್ಪು ದಿನ. ಸಾವಿರಾರು ಫೋಟೊ ಕೂತು ಕೈಯಲ್ಲಿ ಅಳಿಸಬೇಕಾಗುತ್ತದೆ. ದಿನಾಂಕ, ವಿವರಣೆ ಎಲ್ಲವನ್ನೂ ಮುಗಿಸಿ ಕಣಜದ ಬಾಗಿಲು ತೆರೆಯಬೇಕು. ಕಣಜವನ್ನು ಬ್ಯಾಕಪ್ ಎಂದೂ ತಿಳಿಯಬಾರದು; ಇನ್ನೊಂದು ಡಿಸ್ಕಿನಲ್ಲಿ, ಸಾಧ್ಯವಾದರೆ ಇನ್ನೊಂದು ಮನೆಯಲ್ಲಿ, ಒಂದು ಪ್ರತಿ ಇರಲೇಬೇಕು.

ಇಷ್ಟು ಸಾಲುಗಳನ್ನು ಪ್ರತಿ ಸಲ ಟೈಪ್ ಮಾಡುವ ಅಗತ್ಯವಿಲ್ಲ. ಒಂದು ಪಠ್ಯ ಫೈಲಿನಲ್ಲಿ ಕ್ರಮವಾಗಿ ಬರೆದಿಟ್ಟರೆ ಅದೇ ಒಂದು ಕಮಾಂಡ್. ನನ್ನದಕ್ಕೆ ‘ಇಳಿಸು’ ಎಂದು ಹೆಸರಿಟ್ಟಿದ್ದೇನೆ. ಅದರ ಮೇಲ್ಗಡೆ ಸೆಟ್, ಹೈಫನ್ ಇ ಎಂಬ ಸಾಲು ಇದೆ: ಯಾವ ಹೆಜ್ಜೆ ತಪ್ಪಿದರೂ ಅಲ್ಲೇ ನಿಲ್ಲು, ಮುಂದಿನದಕ್ಕೆ ಹೋಗಬೇಡ. ತೂಕದಲ್ಲಿ ಒಂದು ಫೈಲು ಫೇಲ್ಡ್ ಆದರೆ ಹೆಸರಿಡುವುದೂ ಇಲ್ಲ, ಅಪ್‌ಲೋಡೂ ಇಲ್ಲ. ಕಾರ್ಡ್ ಅಳಿಸುವ ಸಾಲನ್ನು ಮಾತ್ರ ನಾನು ಬರೆದಿಲ್ಲ. ಅದನ್ನು ಮನುಷ್ಯರೇ ಮಾಡಬೇಕು.

ಕಳೆದ ಲಗ್ನದ ಕಾಲದಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಗೆಳೆಯನ ಫೋನ್ ಬಂತು. “ಅಣ್ಣಾ, ನಾಳೆ ಹರಿಹರದಾಗೆ ಇನ್ನೊಂದು ಮದ್ವಿ ಐತಿ. ಕಾರ್ಡ್ ಖಾಲಿ ಮಾಡ್ಲ?”

“ತೂಕ ಆತೇನಪ್ಪಾ?”

“ಆತು. ಆದ್ರೆ ಮಧ್ಯದಾಗೆ ನಿಂತೈತಿ. ಒಂದು ಫೈಲಿನ ಮುಂದೆ ಫೇಲ್ಡ್ ಅಂತ ಬಂದೈತಿ, ಉಳಿದಿದ್ದೆಲ್ಲಾ ಓಕೆ.”

ಫೈಲಿನ ಹೆಸರು ಓದಿಸಿದೆ. ವಿಡಿಯೊ. ಡಿಸ್ಕಿನಲ್ಲಿದ್ದ ಪ್ರತಿಯನ್ನು ತೆರೆದು ನೋಡು ಎಂದೆ. ಧಾರೆ ಎರೆಯುವ ಹೊತ್ತಿನದು. ಅಪ್ಪ, ಅವ್ವ, ಮಗಳ ಕೈಗಳು, ತೆಂಗಿನಕಾಯಿ, ಚೆಂಬು ಓರೆಯಾಗುವವರೆಗೆ ಸರಿಯಿತ್ತು, ಅಲ್ಲಿಂದ ಮುಂದೆ ಚಿತ್ರ ಚೌಕ ಚೌಕವಾಗಿ ಒಡೆದುಹೋಗಿತ್ತು. ಕಾರ್ಡನ್ನು ಬೇರೆ ರೀಡರಿಗೆ ಹಾಕಿಸಿ, ಹೊಸ ಫೋಲ್ಡರಿಗೆ ‘ಇಳಿಸು’ ಮತ್ತೆ ಓಡಿಸಿದ. ನಲವತ್ತು ನಿಮಿಷ ಹಿಡಿಯಿತು. ಈ ಸಲ ಎಲ್ಲವೂ ಓಕೆ. ವಿಡಿಯೊ ತೆರೆದು, ನೀರು ಕೆಳಗಿನ ತಟ್ಟೆಗೆ ಬೀಳುವವರೆಗೆ ಪೂರ್ತಿ ನೋಡಿದ. ಆಮೇಲೆ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ಕ್ಯಾಮೆರಾದೊಳಗಿಂದಲೇ ಫಾರ್ಮ್ಯಾಟ್ ಮಾಡಿ, ಬ್ಯಾಟರಿ ಚಾರ್ಜಿಗಿಟ್ಟು ಮಲಗಿದ.